‘ಅಣುಗಳ ಅಪ್ಪುಗೆ’ ಕಳಿಸಿದವರಿಗೆ

ನಮಸ್ಕಾರ.

ಔಷಧಿಯಂಥ ಅಣು ಪ್ರೊಟೀನಿಗೆ ಅಂಟುವಾಗಿನ ಶಾಖವನ್ನು ಅಳೆಯುವ ಯಂತ್ರದ (ಐಸೋಥರ್ಮಲ್ ಟೈಟ್ರೇಶನ್ ಕ್ಯಾಲರಿಮೀಟರ್) ಬಗ್ಗೆ ನೀವು ಬರೆದ ‘ಅಣುಗಳ ಅಪ್ಪುಗೆ’ ಲೇಖನವನ್ನು ಎರಡು ಸಲ ಓದಿದೆ. ಇದ್ದ ಹಾಗೇ ಅಚ್ಚು ಹಾಕಲಾರೆ. ವಾಪಸ್ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ಎರಡು ಪುಟ ಕಿತ್ತುಹಾಕಿ. ಫ್ರೆಂಚ್ ವಿಜ್ಞಾನಿಗಳಾದ ಲಾವೋಸಿಯೇ ಮತ್ತು ಲಾಪ್ಲಾಸ್ ಗಿನಿಯಿಲಿಯ ಸುತ್ತ ಮಂಜುಗಡ್ಡೆ ತುಂಬಿಸಿ, ಕರಗಿದ ನೀರನ್ನು ತೂಗಿ ಅದರ ಮೈಶಾಖ ಲೆಕ್ಕ ಹಾಕಿದ್ದು ಸೊಗಸಾದ ಕಥೆಯೇ. ಆದರೆ 1780ರ ದಶಕದ ಪ್ಯಾರಿಸ್‌ನಿಂದ ನೀವು ನಿಮ್ಮ ಲ್ಯಾಬಿಗೆ ಬಂದು ಮುಟ್ಟುವಷ್ಟರಲ್ಲಿ ಓದುಗರು ಮುಂದಿನ ಲೇಖನಕ್ಕೆ ಹೋಗಿರುತ್ತಾರೆ. ಬೀಗ-ಕೀಲಿಕೈ ಹೋಲಿಕೆ ಮೂರು ಕಡೆ ಬಂದಿದೆ. ಮೂರನ್ನೂ ತೆಗೆಯಿರಿ.

ಇನ್ನು ತಪ್ಪುಗಳು. ‘ಬೆರೆತಾಗ ದ್ರಾವಣದ ಉಷ್ಣತೆ ಎಷ್ಟು ಏರಿತೆಂದು ಯಂತ್ರ ನೋಡುತ್ತದೆ’ ಎಂದಿದ್ದೀರಿ. ಏರಲು ಅದು ಬಿಟ್ಟರೆ ತಾನೆ! ಯಂತ್ರದೊಳಗೆ ಎರಡು ಪುಟ್ಟ ಕೋಶಗಳು, ಅಂದರೆ ಬಟ್ಟಲುಗಳು; ಒಂದರಲ್ಲಿ ಪ್ರೊಟೀನ್, ಇನ್ನೊಂದರಲ್ಲಿ ಬರೀ ನೀರು. ಸಿರಿಂಜಿನಿಂದ ಅಂಟಬೇಕಾದ ಅಣುವಿನ ದ್ರಾವಣ ಎರಡು ಮೈಕ್ರೋಲೀಟರಿನಷ್ಟು ಬಿದ್ದು ಪ್ರೊಟೀನಿನ ಕೋಶ ಬಿಸಿಯಾಗಹೊರಟರೆ ಅದರ ಹೀಟರ್ ತಗ್ಗುತ್ತದೆ, ತಣ್ಣಗಾಗಹೊರಟರೆ ಹೆಚ್ಚುತ್ತದೆ. ಎರಡನ್ನೂ ಸಮವಾಗಿಡಲು ಎಷ್ಟು ವಿದ್ಯುತ್ತು ಹೆಚ್ಚುಕಡಿಮೆ ಮಾಡಬೇಕಾಯಿತು ಎಂಬುದೇ ಅಳತೆ. ಹನಿಯೊಂದಕ್ಕೆ ಕೆಲವೇ ಮೈಕ್ರೋಕ್ಯಾಲರಿ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖವನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಮೈಕ್ರೋಕ್ಯಾಲರಿ ಎಂದು ಬರೆಯಿರಿ. ಓದಿದವರು ಒಂದು ಕ್ಷಣ ನಿಲ್ಲುತ್ತಾರೆ.

‘ಬಿಗಿಯಾಗಿ ಅಂಟಿದಷ್ಟೂ ಹೆಚ್ಚು ಬಿಸಿ’ ಎಂಬುದು ಇನ್ನೂ ದೊಡ್ಡ ತಪ್ಪು. ಎಚ್‌ಐವಿಯ ಪ್ರೋಟಿಯೇಸ್ ಕಿಣ್ವವನ್ನು ತಡೆಯುವ ಇಂಡಿನಾವಿರ್, ಸಕ್ವಿನಾವಿರ್ ಔಷಧಿಗಳು ಬಲವಾಗಿಯೇ ಕೂರುತ್ತವೆ, ಆದರೆ ಕೂರುವಾಗ ಶಾಖವನ್ನು ಹೀರಿಕೊಳ್ಳುತ್ತವೆ. ಆ ಜಾಗದಲ್ಲಿ ಕಟ್ಟುಬಿದ್ದಿದ್ದ ನೀರಿನ ಅಣುಗಳಿಗೆ ಬಿಡುಗಡೆ ಸಿಗುತ್ತದಲ್ಲ, ಅಂಟಿಕೆಗೆ ಬಲ ಬರುವುದು ಹೆಚ್ಚಾಗಿ ಅಲ್ಲಿಂದ. ಬಿಗಿತ ತಿಳಿಯುವುದು ಶಾಖದ ಮೊತ್ತದಿಂದಲ್ಲ, ಹನಿಯಿಂದ ಹನಿಗೆ ಆ ಶಾಖ ಎಷ್ಟು ಕಡಿದಾಗಿ ಇಳಿಯಿತು ಎಂಬುದರಿಂದ.

ಜಕಾಲಿನ್ ವಿಷಯ ಒಂದೇ ವಾಕ್ಯದಲ್ಲಿ ಮುಗಿಸಿದ್ದು ನನಗೆ ಸರಿಬರಲಿಲ್ಲ. ಹಲಸಿನ ಬೀಜದ ಪ್ರೊಟೀನ್ ಅದು, ಗ್ಯಾಲಕ್ಟೋಸ್ ಸಕ್ಕರೆಯನ್ನು ಹಿಡಿಯುತ್ತದೆ. ಅದರ ರಚನೆಯನ್ನು 1996ರಲ್ಲಿ ಬಿಡಿಸಿ ತೋರಿಸಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಮಳೆಗಾಲದಲ್ಲಿ ಹಲಸಿನ ಬೀಜದ ಹುಳಿ ಉಂಡವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿಂದ ತರುತ್ತೀರಿ?

ನಿಜವಾದ ಲೇಖನ ಇರುವುದು ನಾಲ್ಕನೇ ಪುಟದ ಕೊನೆಯಲ್ಲಿ, ನಾಲ್ಕೇ ಸಾಲುಗಳಲ್ಲಿ. ಔಷಧಿಯನ್ನು ಡಿಎಂಎಸ್‌ಓ ಎಂಬ ದ್ರಾವಕದಲ್ಲಿ ಕರಗಿಸಿ ಸಿರಿಂಜಿಗೆ ತುಂಬಿದಿರಿ, ಪ್ರೊಟೀನಿಗೆ ಅಷ್ಟೇ ಡಿಎಂಎಸ್‌ಓ ಸೇರಿಸಲು ಮರೆತಿರಿ. ಪರದೆಯ ಮೇಲೆ ಹನಿಗೊಂದರಂತೆ ಎತ್ತರೆತ್ತರದ ಶಿಖರಗಳು. ಲ್ಯಾಬಿನಲ್ಲಿ ಸಿಹಿ ಹಂಚಿದ್ದೂ ಆಯಿತು. ಸಂಜೆ ನೋಡಿದರೆ ಅದು ಬರೀ ಡಿಎಂಎಸ್‌ಓ ನೀರಿಗೆ ಬೆರೆತ ಬಿಸಿ! ಇದರಿಂದಲೇ ಶುರು ಮಾಡಿ. ಅಂಟುವ ಜಾಗ ತುಂಬುತ್ತಾ ಬಂದಂತೆ ಶಿಖರ ಕುಗ್ಗಬೇಕು, ನಿಮ್ಮದು ಮೊದಲಿಂದ ಕೊನೆವರೆಗೆ ಒಂದೇ ಎತ್ತರ. ಸೂತ್ರಗಳ ಆ ಒಂದೂವರೆ ಪುಟದ ಕೆಲಸವನ್ನು ಈ ಎರಡು ಚಿತ್ರ ಅಕ್ಕಪಕ್ಕ ಇಟ್ಟರೆ ಅವೇ ಮಾಡುತ್ತವೆ.

ತಿದ್ದಿ ಕಳಿಸಿ, ಸಾವಿರ ಪದ ಮೀರದಿರಲಿ. ಒಂದು ಮಾತ್ರ ಕೇಳಬೇಕು, ಲೇಖನದಲ್ಲಿ ಅದು ಇಲ್ಲ: ಅವತ್ತು ಎಷ್ಟನೇ ಹನಿಗೆ ನಿಮಗೆ ಅನುಮಾನ ಬಂತು?

— ಸಂ.