ತಂಡದೊಳಗಿನ ಜಟಾಪಟಿ: ಪ್ರವಾಸ ಮದ್ದಾದೀತೇ?

ಪ್ರಶ್ನೆ: ನಾನು ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷಾ ವಿಭಾಗದ ಮೇಲ್ವಿಚಾರಕ. ನಾಲ್ಕು ತಿಂಗಳ ಹಿಂದೆ ಹಳಬರನ್ನೂ ಹೊಸಬರನ್ನೂ ಸೇರಿಸಿ ಎಂಟು ಮಂದಿಯ ತಂಡ ಕಟ್ಟಿದೆವು. ಮೊದಲ ತಿಂಗಳು ಎಲ್ಲರೂ ಒಗ್ಗಟ್ಟಾಗಿದ್ದರು. ಈಗ ಪ್ರತಿ ಸಭೆಯಲ್ಲೂ ವಾಗ್ವಾದ. ಎರಡು ದಿನ ಪ್ರವಾಸಕ್ಕೆ ಕರೆದೊಯ್ದರೆ ಸರಿಹೋದೀತೇ?
– ಓದುಗರೊಬ್ಬರು, ತುಮಕೂರು

ಉತ್ತರ: ಮೊದಲ ತಿಂಗಳು ನೀವು ಕಂಡದ್ದು ಒಗ್ಗಟ್ಟಲ್ಲ, ಹೊಸ ಮನೆಗೆ ಬಂದ ನೆಂಟರು ತೋರುವ ಸಂಕೋಚ. ಅಮೆರಿಕದ ಮನೋವಿಜ್ಞಾನಿ ಬ್ರೂಸ್ ಟಕ್‌ಮನ್ ಸಣ್ಣ ಗುಂಪುಗಳ ಕುರಿತ ಅಧ್ಯಯನಗಳನ್ನು ಪರಿಶೀಲಿಸಿ, ಸದಸ್ಯರು ಪರಸ್ಪರ ಅಳೆದುನೋಡುವ ಆರಂಭ, ತಿಕ್ಕಾಟ, ಕಟ್ಟಳೆಗಳು ನೆಲೆಗೊಳ್ಳುವಿಕೆ ಮತ್ತು ಹದವಾಗಿ ಸಾಗುವ ಕೆಲಸ ಎಂಬ ನಾಲ್ಕು ಹಂತಗಳನ್ನು 1965ರಲ್ಲಿ ಗುರುತಿಸಿದರು. ನಿಮ್ಮ ತಂಡ ಎರಡನೆಯದರಲ್ಲಿರುವಂತೆ ತೋರುತ್ತದೆ.

ಆದರೆ ಟಕ್‌ಮನ್ ಆಧರಿಸಿದ ಅಧ್ಯಯನಗಳಲ್ಲಿ ಬಹುಪಾಲು ಮನೋಚಿಕಿತ್ಸೆಯ ಮತ್ತು ತರಬೇತಿಯ ಗುಂಪುಗಳವು. ಕಾರ್ಖಾನೆಯಲ್ಲಿಯೂ ಹಂತಗಳು ಅದೇ ಸರದಿಯಲ್ಲಿ ತಾವಾಗಿಯೇ ಬರುತ್ತವೆಂದು ಕಾದು ಕುಳಿತರೆ ಪ್ರಯೋಜನವಿಲ್ಲ. ಗಡುವುಳ್ಳ ಎಂಟು ಗುಂಪುಗಳನ್ನು ಹತ್ತಿರದಿಂದ ಗಮನಿಸಿದ ಸಂಶೋಧಕಿ ಕಾನಿ ಗರ್ಸಿಕ್, ಕೊಟ್ಟ ಅವಧಿಯ ಹೆಚ್ಚುಕಡಿಮೆ ಅರ್ಧ ಕಳೆದಾಗ ಅವು ಹಳೆಯ ರೀತಿಯನ್ನು ಬಿಟ್ಟು ಹೊಸ ದಾರಿ ಹಿಡಿದುದನ್ನು 1988ರಲ್ಲಿ ವರದಿ ಮಾಡಿದರು. ನಿಮ್ಮ ತಂಡಕ್ಕೆ ಗಡುವೇ ಇಲ್ಲದಿದ್ದರೆ ಅಂತಹ ತಿರುವಿಗೆ ಆಸ್ಪದವೂ ಕಡಿಮೆ. ವಾಗ್ವಾದ ಯಾವುದರ ಬಗ್ಗೆ ನಡೆಯುತ್ತಿದೆ ಎಂಬುದನ್ನೂ ನೀವು ಬರೆದಿಲ್ಲ. ಒಟ್ಟಿಗೆ ತಯಾರಾದ ಸರಕಿನ ಒಂದು ಲಾಟನ್ನು ತಡೆಹಿಡಿಯುವ ಕೊನೆಯ ಮಾತು ಯಾರದು ಎಂಬುದೇ ಜಗಳದ ಮೂಲವಾಗಿದ್ದರೆ, ಅದನ್ನು ಲಿಖಿತವಾಗಿ ನಿರ್ಧರಿಸಬೇಕಾದವರು ನೀವೇ.

ಪ್ರವಾಸದಿಂದ ಹಾನಿಯೇನಿಲ್ಲ, ಖರ್ಚಷ್ಟೇ. ಸಂಶೋಧಕರಾದ ಮಲೆನ್ ಮತ್ತು ಕಾಪರ್ 1994ರಲ್ಲಿ ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಗ್ಗಟ್ಟಿನಿಂದ ಕೆಲಸ ಸುಧಾರಿಸುವುದಕ್ಕಿಂತ ಯಶಸ್ವಿಯಾದ ಕೆಲಸದಿಂದ ಒಗ್ಗಟ್ಟು ಹುಟ್ಟುವುದೇ ಪ್ರಬಲವಾಗಿ ಕಂಡಿತು. ಪರಸ್ಪರ ಮೆಚ್ಚುಗೆಗಿಂತ ಕೆಲಸದ ಮೇಲಿನ ನಿಷ್ಠೆಯೇ ಮುಖ್ಯವೆನಿಸಿತು. ಆದ್ದರಿಂದ ಗ್ರಾಹಕರಿಂದ ಮತ್ತೆಮತ್ತೆ ಬರುತ್ತಿರುವ ಒಂದು ದೂರನ್ನು ಆರಿಸಿ, ಒಬ್ಬ ಹಳಬರನ್ನೂ ಒಬ್ಬ ಹೊಸಬರನ್ನೂ ಜೋಡಿ ಮಾಡಿ, ಮೂರು ವಾರಗಳಲ್ಲಿ ಅದರ ಕಾರಣವನ್ನು ಹುಡುಕಲು ಹೇಳಿ.

ಒಂದು ಎಚ್ಚರಿಕೆ. ಷಿಕಾಗೊ ಸಮೀಪದ ಹಾಥಾರ್ನ್ ಕಾರ್ಖಾನೆಯಲ್ಲಿ 1931–32ರಲ್ಲಿ ಸಂಶೋಧಕರು ಗಮನಿಸಿದ 14 ಮಂದಿ ಕಾರ್ಮಿಕರ ನಡುವೆ ಗಟ್ಟಿಯಾದ ಅಲಿಖಿತ ಕಟ್ಟಳೆಗಳಿದ್ದವು. ಆದರೆ ಅವು ಕಾವಲು ಕಾಯುತ್ತಿದ್ದುದು ಉತ್ಪಾದನೆ ಒಂದು ಮಿತಿಯನ್ನು ಮೀರದಂತೆ. ಹೆಚ್ಚು ವೇಗವಾಗಿ ದುಡಿದವರನ್ನು ಗೇಲಿ ಮಾಡಿ, ತೋಳಿಗೆ ಗುದ್ದುತ್ತಿದ್ದರು. ನಿಮ್ಮಲ್ಲಿಯೂ ಎಂಟು ಮಂದಿ ಸೇರಿ ಗುಣಮಟ್ಟದ ಮಿತಿಯ ಅಂಚಿನಲ್ಲಿರುವ ಬಿಡಿಭಾಗಗಳನ್ನು ಸುಮ್ಮನೆ ಪಾಸ್ ಮಾಡತೊಡಗಿದರೆ ಸಭೆಗಳು ಬಹಳ ಶಾಂತವಾಗಿರುತ್ತವೆ. ಹಾಗೆ ಶಾಂತವಾದ ತಿಂಗಳು ತಿರಸ್ಕರಿಸಿದ ಬಿಡಿಭಾಗಗಳನ್ನು ದಾಖಲಿಸುವ ರಿಜೆಕ್ಷನ್ ರಿಜಿಸ್ಟರನ್ನೂ ತೆರೆದು ನೋಡಿ.