ಕುಕ್ಕುವ ಹೇಂಟೆ, ಓಡುವ ಮಗು

ಕೋಳಿ ಕುಕ್ಕುತ್ತದೆ ಎಂದು ಬರೆಯುವವರು ಎಲ್ಲಿ, ಯಾವಾಗ ಕುಕ್ಕುತ್ತದೆ ಎಂದು ಮಾತ್ರ ಬರೆಯುವುದಿಲ್ಲ. ಬುಟ್ಟಿಯಲ್ಲಿ ಕೂತಾಗ ಕುಕ್ಕುವುದು ಬೇರೆ, ಅಂಗಳದಲ್ಲಿ ಅಟ್ಟಿಸಿಕೊಂಡು ಬರುವುದು ಬೇರೆ. ಔಷಧಿ ಕೇಳುವ ಮುಂಚೆ ಅಷ್ಟಾದರೂ ಗಮನಿಸಿ.

ಪ್ರಶ್ನೆ: ಎರಡು ವರ್ಷದ ಹೇಂಟೆ, ನಮ್ಮ ಹತ್ತಿರ ಬಲು ಸಾಧು. ಆರು ವರ್ಷದ ಮಗಳು ಹೊರಗೆ ಕಾಲಿಟ್ಟರೆ ಸಾಕು, ಅಟ್ಟಿಸಿಕೊಂಡು ಬಂದು ಕಾಲಿಗೆ ಕುಕ್ಕುತ್ತದೆ. ಮಗುವಿನ ಮೇಲೇಕೆ ಇಷ್ಟು ಹಗೆ?

ಉತ್ತರ: ಹಗೆಯ ಮಾತು ಬಿಡಿ. ಮಗುವಿನ ಕೈಯಲ್ಲಿ ತಿಂಡಿ ಇತ್ತು, ಕೋಳಿ ಹತ್ತಿರ ಬಂತು, ಮಗು ಕಿರುಚಿ ಓಡಿತು, ತಿಂಡಿ ಕೆಳಗೆ ಬಿತ್ತು. ಎರಡು ಸಲ ಹೀಗಾದರೆ ಮೂರನೇ ಸಲ ಕೋಳಿ ಕಾಯುವುದಿಲ್ಲ. ತಿಂಡಿ ಇಲ್ಲದಿದ್ದರೂ ಓಟವೊಂದೇ ಸಾಕು. ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಸಾಲು ಇರುತ್ತದೆ. ಅದರಲ್ಲಿ ಹಿಂದೆ ಸರಿದವರು ಕೆಳಗಿನವರು. ಮನೆಯಲ್ಲಿ ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ಬೇಗ ಓಡುವುದು ನಿಮ್ಮ ಮಗಳು.

ಮೊದಲು ಕೋಳಿಯನ್ನು ಕೈಗೆತ್ತಿಕೊಂಡು ನೋಡಿ. ಈಚೆಗೆ ಒಮ್ಮೆಲೇ ಸ್ವಭಾವ ಬದಲಾಗಿದ್ದರೆ ಮೈಯಲ್ಲಿ ನೋವಿರಬಹುದು. ಗುದದ್ವಾರದ ಸುತ್ತ ಮತ್ತು ರೆಕ್ಕೆಯಡಿ ಹೇನು, ಅಂಗಾಲಲ್ಲಿ ಕಪ್ಪು ಹಕ್ಕಳೆ ಕಟ್ಟಿದ ಬಾವು, ಹೊಟ್ಟೆಯಲ್ಲಿ ಗಟ್ಟಿತನ ಇವೆಯೇ ನೋಡಿ. ಕೆಂಪು ನುಸಿ ಹಗಲು ಸಿಗುವುದಿಲ್ಲ. ಕೋಳಿ ಕೂರುವ ಕೋಲಿನ ಸಂದುಗಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರುತ್ತದೆ, ಹಾಗಾಗಿ ಕತ್ತಲಾದ ಮೇಲೆ ಟಾರ್ಚ್ ಬಿಟ್ಟು ಹುಡುಕಿ. ಇವು ಯಾವುದಾದರೂ ಕಂಡರೆ ಮೊದಲು ಪಶುವೈದ್ಯರು, ಆಮೇಲೆ ತರಬೇತಿ.

ಮೈ ಸರಿಯಿದ್ದರೆ ಇವತ್ತಿನಿಂದಲೇ ಕೈಯಿಂದ ತಿನ್ನಿಸುವುದನ್ನು ಮನೆಯವರೆಲ್ಲ ನಿಲ್ಲಿಸಿ. ಆಹಾರವನ್ನು ಒಂದೇ ಜಾಗದಲ್ಲಿ, ಒಂದೇ ಪಾತ್ರೆಯಲ್ಲಿ, ಗೂಡಿನ ಬಾಗಿಲು ತೆಗೆಯುವ ಮುಂಚೆಯೇ ಇಟ್ಟಿರಿ. ಮಗುವಿಗೆ ಉದ್ದ ಪ್ಯಾಂಟು, ಕಾಲ್ಬೆರಳು ಮುಚ್ಚುವ ಶೂ ಹಾಕಿ. ಹೊಳೆಯುವುದೆಲ್ಲ ಕೋಳಿಗೆ ಕುಕ್ಕಿ ನೋಡುವ ವಸ್ತುವೇ, ಅದಕ್ಕೇ ಕಾಲ್ಗೆಜ್ಜೆ, ಉಗುರಿನ ಬಣ್ಣ, ಕಿವಿಯೋಲೆ ಬೇಡ. ಕೋಳಿಯನ್ನು ಮುಖದ ಹತ್ತಿರ ಎತ್ತಿಕೊಂಡು ಫೋಟೋ ತೆಗೆಸುವುದಂತೂ ಇನ್ನು ಸಾಕು.

ಮೊದಲ ವಾರದ ಕೆಲಸ ದೊಡ್ಡವರದು. ಕೋಳಿ ಕತ್ತಿನ ಪುಕ್ಕ ಕೆದರಿ, ಒಂದು ರೆಕ್ಕೆ ಇಳಿಬಿಟ್ಟು ಅಡ್ಡಡ್ಡ ಬಂದಾಗ ಹಿಂದೆ ಸರಿಯಬೇಡಿ, ನಿಧಾನವಾಗಿ ಎರಡು ಹೆಜ್ಜೆ ಮುಂದಿಡಿ. ಅದು ಸರಿದು ಹೋದರೆ ಅಲ್ಲಿಗೆ ಬಿಡಿ. ನಿಂತರೆ ಬೆನ್ನ ಮೇಲೆ, ಎರಡು ರೆಕ್ಕೆಗಳ ನಡುವೆ ಅಂಗೈ ಇಟ್ಟು ಅದು ಕುಕ್ಕರಿಸುವ ತನಕ ಮೆತ್ತಗೆ ಒತ್ತಿ, ಇಪ್ಪತ್ತು ಎಣಿಸಿ ಬಿಡಿ. ಎದೆಯನ್ನು ಅದುಮಬಾರದು. ಕೋಳಿಗೆ ನಮ್ಮಂತೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಡಿಸುವ ಸ್ನಾಯು, ಇಲ್ಲ, ಎದೆಮೂಳೆ ಆಡಿದರಷ್ಟೇ ಉಸಿರು. ಬಿಗಿಯಾಗಿ ಹಿಡಿದರೆ ಕೈಯಲ್ಲೇ ಸಾಯುತ್ತದೆ. ಆಗಲೂ ಕುಕ್ಕಿದರೆ ರೆಕ್ಕೆ ಮಡಿಸಿ, ತಲೆ ನಿಮ್ಮ ಬೆನ್ನಿನ ಕಡೆ ಬರುವಂತೆ ಕಂಕುಳಲ್ಲಿ ಹಿಡಿದು ಹತ್ತು ನಿಮಿಷ ನಿಮ್ಮ ಪಾಡಿಗೆ ಓಡಾಡಿ. ಸುಮ್ಮನಾದ ಮೇಲೆಯೇ ಕೆಳಗಿಡಿ. ಒದ್ದಾಡುವಾಗ ಬಿಟ್ಟರೆ ಒದ್ದಾಡಿದರೆ ಬಿಡುತ್ತಾರೆ ಎಂಬ ಪಾಠವನ್ನು ನೀವೇ ಕಲಿಸಿದಂತೆ.

ಎರಡನೇ ವಾರ ಮಗು ನಿಮ್ಮ ಹಿಂದೆ ಕೈಕಟ್ಟಿ ನಿಲ್ಲಲಿ. ಓಡಬಾರದು, ಕಿರುಚಬಾರದು. ಇಷ್ಟು ಆಗದ ಮಗುವನ್ನು ಮುಂದಿನ ಹಂತಕ್ಕೆ ಕರೆದೊಯ್ಯಬೇಡಿ. ಮೂರನೇ ವಾರ ಮಗು ದೊಡ್ಡ ಮುಚ್ಚಳವನ್ನೋ ತಟ್ಟೆಯನ್ನೋ ಮೊಣಕಾಲ ಮುಂದೆ ಗುರಾಣಿಯಂತೆ ಹಿಡಿದು ನಿಮ್ಮ ಪಕ್ಕದಲ್ಲಿ ನಡೆಯಲಿ. ಎರಡು ಮೂರು ಮೀಟರ್ ದೂರದಿಂದ ಒಂದು ಹಿಡಿ ಕಾಳನ್ನು ಕೋಳಿಯ ಹಿಂದೆ ಬೀಳುವಂತೆ ಎಸೆಯಲಿ, ಕೋಳಿ ತಿರುಗಿ ಆ ಕಡೆ ಹೋಗುತ್ತದೆ. ನುಗ್ಗಿ ಬರುವಾಗ ಮಾತ್ರ ಒಂದು ಕಾಳೂ ಬೀಳಬಾರದು. ಹೆಚ್ಚಿನ ಮನೆಗಳಲ್ಲಿ ಕೆಡುವುದು ಇಲ್ಲೇ: ಹೆದರಿ ಎಸೆಯುತ್ತಾರೆ, ನುಗ್ಗಿದ್ದಕ್ಕೆ ಕೂಲಿ ಸಿಕ್ಕಿತೆಂದು ಕೋಳಿ ಲೆಕ್ಕ ಹಾಕುತ್ತದೆ. ಇನ್ನೊಂದು, ಪೊರಕೆ ತೋರಿಸಿ ರೇಗಿಸುವ ಚಿಕ್ಕಪ್ಪ. ಅವರನ್ನು ಮೊದಲು ತಿದ್ದಿ. ಒದೆಯಲೂಬಾರದು. ಒದ್ದರೆ ಕೋಳಿಯ ಮೂಳೆ ಮುರಿಯುತ್ತದೆ, ಬದುಕಿ ಉಳಿದರೆ ನಿಮ್ಮ ಕಾಲನ್ನೇ ಎದುರಾಳಿ ಎಂದುಕೊಳ್ಳುತ್ತದೆ.

ನಾಲ್ಕು ವಾರ ಕಳೆದರೂ ಬದಲಾಗದಿದ್ದರೆ ಕೋಳಿಗೆ ಬೇಲಿ ಕಟ್ಟಿ, ಇಲ್ಲವೇ ಮಕ್ಕಳಿಲ್ಲದ ಮನೆಗೆ ಕೊಡಿ. ಮಗುವಿನ ಮುಖಕ್ಕೆ ಹಾರಿದ ಕೋಳಿಗೆ ಈ ನಾಲ್ಕು ವಾರವೂ ಇಲ್ಲ, ಅವತ್ತೇ ಬೇರೆ ಮಾಡಿ. ಐದು ವರ್ಷದೊಳಗಿನ ಮಕ್ಕಳನ್ನು ಯಾವ ಕೋಳಿಯ ಜೊತೆಗೂ ಒಂಟಿಯಾಗಿ ಬಿಡಬೇಡಿ. ಕುಕ್ಕದ ಕೋಳಿಯಿಂದಲೂ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ರೋಗಾಣು ಬರಬಹುದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು.

ಪ್ರಶ್ನೆ: ಮೊಟ್ಟೆ ತೆಗೆಯಲು ಹೋದರೆ ಪುಕ್ಕ ಕೆದರಿ ಗುರ್ ಎನ್ನುತ್ತದೆ, ಬುಟ್ಟಿ ಬಿಟ್ಟು ಏಳುವುದಿಲ್ಲ. ಮೂಗಿಗೆ ಪುಕ್ಕ ಚುಚ್ಚಿ, ತಣ್ಣೀರಲ್ಲಿ ಮುಳುಗಿಸಿ ಎನ್ನುತ್ತಾರೆ.

ಉತ್ತರ: ಹೀಗೆ ಹೇಳಿದವರ ಮೂಗಿಗೆ ಚುಚ್ಚಿ ನೋಡಿ. ಕೋಳಿ ಕಾವಿಗೆ ಕೂತಿದೆ, ಅಷ್ಟೇ. ಮರಿ ಬೇಕಿದ್ದರೆ ಫಲಿತ ಮೊಟ್ಟೆ ಇಟ್ಟು 21 ದಿನ ಅದರ ತಂಟೆಗೆ ಹೋಗಬೇಡಿ. ಬೇಡದಿದ್ದರೆ ತಳಕ್ಕೆ ತಂತಿಬಲೆ ಇರುವ ಪಂಜರವನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿ, ಹುಲ್ಲು ಹಾಸದೆ, ನೀರು ಆಹಾರ ಕೊಟ್ಟು, ನೆರಳಲ್ಲಿ ಮೂರು ನಾಲ್ಕು ದಿನ ಅದರಲ್ಲಿ ಬಿಡಿ. ಹೊಟ್ಟೆಯಡಿ ಗಾಳಿಯಾಡಿ ತಂಪಾದರೆ ಕಾವು ಇಳಿಯುತ್ತದೆ. ಹೊರಬಿಟ್ಟ ಮೇಲೆ ಮತ್ತೆ ಬುಟ್ಟಿಗೆ ಓಡಿದರೆ ಇನ್ನೆರಡು ದಿನ. ಮೊಟ್ಟೆಯನ್ನು ದಿನಾ ತೆಗೆಯದಿದ್ದರೆ ಈ ಶ್ರಮವೆಲ್ಲ ದಂಡ. ತಣ್ಣೀರಲ್ಲಿ ಮುಳುಗಿಸಿದರೆ ಶೀತ ಹಿಡಿದು ಕಾಯಿಲೆ ಬೀಳುವುದೇ ಹೆಚ್ಚು.

ಪ್ರಶ್ನೆ: ಮರಿಗಳಾದ ಮೇಲೆ ಯಾರನ್ನೂ ಹತ್ತಿರ ಬಿಡುತ್ತಿಲ್ಲ.

ಉತ್ತರ: ಬಿಡಬಾರದು, ಅದು ತಾಯಿ. ಆರೆಂಟು ವಾರ ಮಕ್ಕಳನ್ನು ದೂರ ಇಡಿ.

ಪ್ರಶ್ನೆ: ಕೊಕ್ಕು ಕತ್ತರಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಕೊಕ್ಕಿನ ತುದಿಯಲ್ಲೂ ನರಗಳಿವೆ, ಅದು ಉಗುರಲ್ಲ. ಅತಿಯಾಗಿ ಬೆಳೆದು ಬಾಗಿದ ತುದಿಯನ್ನು ಉಗುರು ಉಜ್ಜುವ ಅರದಿಂದ ಒಂದೆರಡು ಮಿಲಿಮೀಟರ್ ಉಜ್ಜಬಹುದು, ಕತ್ತರಿ ಮುಟ್ಟಬೇಡಿ.

ಪ್ರಶ್ನೆ: ಮಗುವಿನ ಶೂಗೆ ಮೆಣಸಿನಪುಡಿ ಹಚ್ಚಿದರೆ?

ಉತ್ತರ: ಹಕ್ಕಿಗಳಿಗೆ ಮೆಣಸಿನಕಾಯಿಯ ಖಾರ ತಟ್ಟುವುದಿಲ್ಲ. ಉರಿಯುವುದು ಮಗುವಿನ ಕಣ್ಣು.

ಪ್ರಶ್ನೆ: ಹೇಂಟೆ ಹುಂಜನಂತೆ ಕೂಗುತ್ತಾ ಎಲ್ಲರ ಮೇಲೆ ಏರಿ ಬರುತ್ತಿದೆ. ಅಪಶಕುನವೇ?

ಉತ್ತರ: ಹುಂಜ ಇಲ್ಲದ ಗುಂಪಿನಲ್ಲಿ ಜೋರಿನ ಹೇಂಟೆ ಆ ಜಾಗ ಹಿಡಿಯುವುದುಂಟು. ಎಡ ಅಂಡಾಶಯ ಕೆಟ್ಟಾಗಲೂ ಹೀಗಾಗಬಹುದು. ಮೊಟ್ಟೆ ನಿಂತಿದ್ದರೆ ಪಶುವೈದ್ಯರಿಗೆ ತೋರಿಸಿ, ಜ್ಯೋತಿಷಿಗಲ್ಲ.

ಪ್ರಶ್ನೆ: ಕುಕ್ಕಿ ರಕ್ತ ಬಂದಿದೆ. ನಾಯಿ ಕಚ್ಚಿದಾಗ ಕೊಡುವ ಚುಚ್ಚುಮದ್ದು ಬೇಕೇ?

ಉತ್ತರ: ಬೇಡ, ರೇಬೀಸ್ ಸಸ್ತನಿಗಳ ರೋಗ. ಹರಿಯುವ ನೀರಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಅರಿಸಿನ ಮೆತ್ತಬೇಡಿ, ಧನುರ್ವಾಯು ಚುಚ್ಚುಮದ್ದು ಬಾಕಿಯಿದ್ದರೆ ಹಾಕಿಸಿ. ಗಾಯ ಕೆಂಪಾಗಿ ಊದಿದರೆ ವೈದ್ಯರಲ್ಲಿಗೆ ಹೋಗಿ. ಕಣ್ಣಿಗೆ ಕುಕ್ಕಿದ್ದರೆ ಉಜ್ಜದೆ, ಒತ್ತದೆ, ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಹೋಗಿ. ಕಾಲಿನ ನರ ಉಬ್ಬಿದ ಅಜ್ಜ ಅಜ್ಜಿಯರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಹುಂಜ ಕಾಲಿನ ಉಬ್ಬುನರಕ್ಕೆ ಕುಕ್ಕಿ, ರಕ್ತ ನಿಲ್ಲದೆ ವೃದ್ಧೆಯೊಬ್ಬರು ತೀರಿಕೊಂಡ ಪ್ರಕರಣ 2019ರಲ್ಲಿ ಆಸ್ಟ್ರೇಲಿಯಾದಿಂದ ವರದಿಯಾಗಿದೆ. ಅಂಥವರು ಬೂಟು ಹಾಕದೆ ಗೂಡಿನ ಕಡೆ ಹೋಗಬಾರದು. ರಕ್ತ ಚಿಮ್ಮಿದರೆ ತಕ್ಷಣ ಮಲಗಿಸಿ, ಕಾಲನ್ನು ಎದೆಮಟ್ಟಕ್ಕಿಂತ ಮೇಲೆತ್ತಿ, ಮಡಿಸಿದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು ಆಂಬುಲೆನ್ಸ್ ಕರೆಸಿ. ನಿಂತಿತೇ ಎಂದು ನಡುನಡುವೆ ಬಟ್ಟೆ ತೆಗೆದು ನೋಡಬೇಡಿ.