ಬೀಡಿ ಸೇದುತ್ತಿದ್ದ, ಈಗ ಸಿಒಪಿಡಿ (ಉಸಿರಿನ ದಾರಿ ಕಿರಿದಾಗಿ ದಮ್ಮು ಹಿಡಿಯೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರೋ ಅಪ್ಪನಿಗೆ ಹಿಮೋಗ್ಲೋಬಿನ್ 15 ಇದ್ದರೂ ಸುಸ್ತು. ಯಾವ ಐರನ್ ಟಾನಿಕ್ ಕೊಡಬಹುದು?

ಸದ್ಯಕ್ಕೆ ಯಾವುದೂ ಬೇಡ. ನಮ್ಮಮ್ಮನದೂ ಇದೇ ಕಥೆ.

ಅಮ್ಮ ಬೀಡಿ, ಸಿಗರೇಟು ಮುಟ್ಟಿದವಳಲ್ಲ. ತೀರ್ಥಹಳ್ಳಿ ಕಡೆಯ ಮನೆ, ಅಡುಗೆ ಒಲೆಗೂ ಬಚ್ಚಲೊಲೆಗೂ ಸೌದೆಯೇ. ಮಳೆಗಾಲದಲ್ಲಿ ಹಸಿ ಸೌದೆ ಊದಿ ಊದಿ ಶ್ವಾಸಕೋಶ ಹಾಳಾಯ್ತು. ಇನ್‌ಹೇಲರ್ ತಪ್ಪದೆ ತಗೊಂಡರೂ, ಕೊಟ್ಟಿಗೆಯಿಂದ ಹಾಲಿನ ಚೊಂಬು ತರುವಷ್ಟರಲ್ಲಿ ಜಗಲಿ ಕಂಬ ಹಿಡಿದು ನಿಲ್ಲೋಳು.

ಹಿಮೋಗ್ಲೋಬಿನ್ 14.2 ಬಂತು. 'ರಕ್ತ ಚೆನ್ನಾಗಿದೆ' ಅಂತ ನಾನೇ ರಿಪೋರ್ಟ್ ಮಡಿಸಿಟ್ಟೆ. ಹತ್ತಿರ ಹತ್ತಿರ ಒಂದು ವರ್ಷ ಅದರಲ್ಲೇ ಹೋಯ್ತು. ಎಲ್ಲಿ ಎಡವಿದೆ ಅಂತ ಬಿಡಿಸಿ ಹೇಳ್ತೀನಿ, ನೀವೂ ಅಲ್ಲೇ ನಿಂತಿದ್ದೀರಿ. ರಕ್ತದಲ್ಲಿ ಆಮ್ಲಜನಕ ಕಮ್ಮಿಯಾದರೆ ಕಿಡ್ನಿ ಎರಿಥ್ರೋಪೊಯೆಟಿನ್ ಅನ್ನೋ ಹಾರ್ಮೋನ್ ಬಿಡುತ್ತೆ, ಮೂಳೆಮಜ್ಜೆ ಇನ್ನಷ್ಟು ಕೆಂಪು ಕಣ ಮಾಡುತ್ತೆ. ಹಾಗಾಗಿ ದಮ್ಮಿನವರ ಹಿಮೋಗ್ಲೋಬಿನ್ ಮೇಲೇ ಇದ್ದು, ಕೆಳಗಿನ ಕಬ್ಬಿಣದ ಕೊರತೆ ಕಾಣದೇ ಹೋಗಬಹುದು.

ಆಮೇಲೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಅಂದಾಜು ಕೊಡೋ ಫೆರಿಟಿನ್ ಪರೀಕ್ಷೆ ಮಾಡಿಸಿದ್ವಿ. 140. ಅದನ್ನೂ ನಾರ್ಮಲ್ ಅಂತಲೇ ಓದಿಕೊಂಡೆ. ಆದರೆ ಮೈಯಲ್ಲಿ ಉರಿಯೂತ ಇದ್ದರೆ ಫೆರಿಟಿನ್ ತಾನಾಗೇ ಏರುತ್ತೆ. ಅದೇ ಉರಿಯೂತಕ್ಕೆ ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಹೆಚ್ಚಿಸುತ್ತೆ. ಜೀವಕೋಶದಿಂದ ಕಬ್ಬಿಣ ಹೊರಗೆ ಬರೋದು ಫೆರೋಪೋರ್ಟಿನ್ ಅನ್ನೋ ಪ್ರೋಟೀನ್ ಬಾಗಿಲಿನ ಮೂಲಕ, ಹೆಪ್ಸಿಡಿನ್ ಅದನ್ನೇ ನಾಶ ಮಾಡುತ್ತೆ. ಕಣಜದಲ್ಲಿ ಭತ್ತ ಇದ್ದೂ ಬೀಗ ಬಿದ್ದ ಹಾಗೆ. ಕರುಳಲ್ಲೂ ಇದೇ ತಡೆ, ಅದಕ್ಕೇ ಇಂಥವರಿಗೆ ಮಾತ್ರೆ, ಟಾನಿಕ್ ಸರಿಯಾಗಿ ಹತ್ತಲ್ಲ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಶೇಕಡಾ ಎಷ್ಟು ತುಂಬಿದೆ ಅನ್ನೋ ಲೆಕ್ಕ) ನೋಡಿದಾಗ ನಿಜ ಗೊತ್ತಾಯ್ತು: 11%. 20ರ ಕೆಳಗೆ ಬಂದರೆ ಕೊರತೆ ಅಂತ ಅನುಮಾನ ಪಡಲೇಬೇಕು.

ಕಬ್ಬಿಣ ಬರೀ ರಕ್ತಕ್ಕಲ್ಲ, ಸ್ನಾಯುಗಳಿಗೂ ಬೇಕು. ಅದು ಕಮ್ಮಿಯಾದರೆ, ಆಮ್ಲಜನಕದ ಕೊರತೆ ಇರುವಾಗ ಶ್ವಾಸಕೋಶದ ರಕ್ತನಾಳಗಳ ಒತ್ತಡ ಇನ್ನೂ ಏರುತ್ತೆ.

ಅಮ್ಮನ ಕಬ್ಬಿಣ ಸೋರ್ತಿದ್ದದ್ದು ಹೊಟ್ಟೆಯಲ್ಲಿ. ಮಂಡಿನೋವಿನ ಮಾತ್ರೆಯಿಂದ ಹುಣ್ಣಾಗಿತ್ತು. ಅದಕ್ಕೆ ಚಿಕಿತ್ಸೆ ಮಾಡಿ, ಡಾಕ್ಟರು ಡ್ರಿಪ್‌ನಲ್ಲಿ ಕಬ್ಬಿಣ ಕೊಟ್ಟರು. ದಮ್ಮು ಹೋಗಲಿಲ್ಲ, ಊದಿಸಿ ಉಸಿರಿನ ಶಕ್ತಿ ಅಳೆಯೋ ಸ್ಪೈರೋಮೆಟ್ರಿಯೂ ಮೊದಲಿನಂತೇ ಇದೆ. ಆದರೆ ಕಾಲಿಗೆ ಕಸುವು ಬಂತು.

ನಿಮ್ಮಪ್ಪ ಬೀಡಿ ಸೇದುತ್ತಿದ್ದವರು ಅಂತ ಬರೆದಿದ್ದೀರಿ. ಹಾಗಿದ್ದರೆ ಕಣ್ಣುಮುಚ್ಚಿ ಕಬ್ಬಿಣ ಕೊಡೋದಕ್ಕೆ ನನ್ನ ಪೂರ್ತಿ ವಿರೋಧ ಇದೆ. ಧೂಮಪಾನಿಗಳ ಶ್ವಾಸಕೋಶದ ಮ್ಯಾಕ್ರೋಫೇಜ್‌ಗಳಲ್ಲಿ (ಕಸ, ರೋಗಾಣು ನುಂಗೋ ಕಾವಲು ಕಣಗಳಲ್ಲಿ) ಮೊದಲೇ ಕಬ್ಬಿಣ ಜಾಸ್ತಿ ಕೂತಿರುತ್ತೆ. ಯಾವ ಪ್ರೋಟೀನಿಗೂ ಅಂಟದೆ ಉಳಿದ ಕಬ್ಬಿಣ ಅಂಗಾಂಶಕ್ಕೆ ಹಾನಿ ಮಾಡುತ್ತೆ, ಸೋಂಕಿನ ಬ್ಯಾಕ್ಟೀರಿಯಾಗಳಿಗೂ ಅದೇ ಆಹಾರ. ಕಫ, ಜ್ವರ ಇಳಿದಿರೋ ಸಮಯ ನೋಡಿ ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಉರಿಯೂತ ತೋರಿಸೋ ಸಿಆರ್‌ಪಿ ಮೂರನ್ನೂ ಒಟ್ಟಿಗೇ ಮಾಡಿಸಿ. ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗುವಾಗ ಅಪ್ಪ ನುಂಗೋ ನೋವಿನ ಮಾತ್ರೆಗಳ ಪಟ್ಟಿಯನ್ನೂ ತಗೊಂಡು ಹೋಗಿ.